ಹಣೆ ಸವೆದ ಡಾಲರು

ನಮ್ಮ ಭಾನತ್ತೆಗೆ ಯಾವುದನ್ನೂ ನೇರವಾಗಿ ನೋಡಿ ಗೊತ್ತಿಲ್ಲ. ಕೈಗೆ ಸೀರೆ ಕೊಟ್ಟರೆ ಓರೆ ಮಾಡಿ ಕಿಟಕಿಯ ಬೆಳಕಿಗೆ ಹಿಡಿಯುತ್ತಾಳೆ. ಕಾಫಿ ಲೋಟ ಕೊಟ್ಟರೆ ಒಂದು ಸುತ್ತು ತಿರುಗಿಸಿಯೇ ಬಾಯಿಗಿಡುವುದು. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಾಗ ಆ ಬಡಪಾಯಿ ಹುಡುಗನನ್ನೂ ಹಾಗೆಯೇ ಕತ್ತು ವಾಲಿಸಿ ನೋಡಿದ್ದಳು. ಅವನು ಇಂದಿಗೂ, "ನಿಮ್ಮತ್ತೆ ಅವತ್ತು ನನ್ನಲ್ಲಿ ಏನು ಐಬು ಕಂಡ್ರು, ಕೇಳಿ ಹೇಳು" ಎನ್ನುತ್ತಿರುತ್ತಾನೆ. ನಾನು ಕೇಳಿಲ್ಲ. ಕೇಳಿದರೆ ನಿಜ ಹೇಳಿಬಿಡುತ್ತಾಳೆ.

ಈ ಓರೆಗಣ್ಣು ಆಕೆಗೆ ಬಂದದ್ದು ಕೆಲಸದಿಂದ. ಬೆಂಗಳೂರಿನ ಒಂದು ರೇಷ್ಮೆ ಪರೀಕ್ಷಾ ಕೇಂದ್ರದಲ್ಲಿ ಆಕೆ ಕಚ್ಚಾ ರೇಷ್ಮೆಗೆ ದರ್ಜೆ ಕೊಡುತ್ತಿದ್ದಳು. ಕತ್ತಲೆ ಕೋಣೆ, ಕರಿಯ ಹಲಗೆಗೆ ಸಾಲುಸಾಲಾಗಿ ಸುತ್ತಿದ ನೂಲು, ಪಕ್ಕದಿಂದ ಬೀಳುವ ದೀಪ. ನೂಲು ಎಲ್ಲಿ ದಪ್ಪ, ಎಲ್ಲಿ ತೆಳು, ಎಲ್ಲಿ ಗಂಟು ಎಂದು ನೋಡಿ, ಮಾದರಿಯ ಪಕ್ಕ ಇಟ್ಟು ಹೋಲಿಸಿ ಹೇಳಬೇಕು. ಕೋಣೆ ಕತ್ತಲೆಯಾದರೂ ಬದುಕು ಕತ್ತಲೆಯಾಗಿರಲಿಲ್ಲ. ಜೊತೆಗೆ ಐದಾರು ಹೆಂಗಸರು, ಊಟದ ಡಬ್ಬಿಗಳ ಅದಲುಬದಲು, ವಾರಕ್ಕೊಂದು ಮನಸ್ತಾಪ, ಮರುದಿನವೇ ರಾಜಿ. ಅದನ್ನೆಲ್ಲ ಬಿಟ್ಟು, ಸಂಬಳವಿಲ್ಲದ ರಜೆ ಹಾಕಿ, ತೊಂಬತ್ತೇಳರ ಕೊನೆಯಲ್ಲಿ ಗಂಡನ ಹಿಂದೆ ಹಾಲೆಂಡಿಗೆ ಹೊರಟಳು.

ಗಂಡ ಎಂದರೆ ನಮ್ಮ ಅನಂತರಾಮ ಮಾವ. ಕೆಟ್ಟವರಲ್ಲ. ಮನೆಯಲ್ಲಿ ಇದ್ದಾರೋ ಇಲ್ಲವೋ ಎಂದು ಗೊತ್ತಾಗಬೇಕಾದರೆ ಚಪ್ಪಲಿ ನೋಡಬೇಕು, ಅಷ್ಟೆ. ಎರಡು ಸಾವಿರದ ಇಸವಿ ಬಂದರೆ ಪ್ರಪಂಚದ ಕಂಪ್ಯೂಟರುಗಳಿಗೆಲ್ಲ ತಲೆ ಕೆಡುತ್ತದೆ ಎಂದು ಆಗ ಎಲ್ಲರಿಗೂ ಭಯ. ಆ ಭಯ ಹೋಗಲಾಡಿಸಲು ರಾಟರ್‌ಡ್ಯಾಮಿನ ಪಕ್ಕದ ಕಾಪೆಲ್ಲೆಯ ಒಂದು ಕಚೇರಿಗೆ ಮಾವನನ್ನು ಕರೆಸಿಕೊಂಡಿದ್ದರು. ಶನಿವಾರವೂ ಕೆಲಸ, ಕೆಲವು ಭಾನುವಾರವೂ ಕೆಲಸ. ಅತ್ತೆಯ ವೀಸಾದಲ್ಲಿ ದುಡಿಯುವಂತಿಲ್ಲ. ಮಕ್ಕಳಿರಲಿಲ್ಲ. ಏಳನೇ ಮಹಡಿಯ ಫ್ಲಾಟಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಆಕೆ ಒಬ್ಬಳೇ.

"ಒಂಟಿತನ ಅಂದ್ರೆ ಏನು ಅಂತ ಅಲ್ಲೇ ಗೊತ್ತಾಗಿದ್ದು ಕಣೆ" ಎಂದು ಅತ್ತೆ ಆಮೇಲೆ ನನಗೆ ಹೇಳಿದಳು. "ಲಿಫ್ಟಲ್ಲಿ ಸಿಕ್ಕೋರು ಗುಡ್ ಮಾರ್ನಿಂಗ್ ಅಂತಾರೆ. ಅಂಗಡೀಲಿ ದುಡ್ಡು ತಗೊಂಡು ಥ್ಯಾಂಕ್ಯೂ ಅಂತಾರೆ. ಎರಡೂ ಡಚ್ಚಲ್ಲೇ. ಅಲ್ಲಿಗೆ ಅವತ್ತಿನ ಮಾತು ಮುಗೀತು." ಊರಿನಿಂದ ಉಪ್ಪಿನಕಾಯಿ ಜಾಡಿಗೆ ಸುತ್ತಿ ತಂದಿದ್ದ ಹಳೆಯ ಪೇಪರನ್ನು ಎಣ್ಣೆ ಕಲೆಯ ಸಮೇತ ಇಟ್ಟುಕೊಂಡಿದ್ದಳಂತೆ. ಮಧ್ಯಾಹ್ನ ಊಟವಾದ ಮೇಲೆ ಅದನ್ನು ಗಟ್ಟಿಯಾಗಿ ಓದಿಕೊಳ್ಳುವುದು. ಮಂಡ್ಯದ ಕಡೆಯ ಯಾವುದೋ ಸಹಕಾರ ಸಂಘದ ಚುನಾವಣೆಯ ಸುದ್ದಿ. ಸುದ್ದಿಗಾಗಿ ಅಲ್ಲ, ತನ್ನ ದನಿ ತನಗೆ ಕೇಳಲಿ ಎಂದು. ಇದನ್ನು ಆಕೆ ನಗುತ್ತಲೇ ಹೇಳಿದಳು. ನನಗೆ ಮಾತ್ರ ಮಾವನ ಮೇಲೆ ಸಿಟ್ಟು ಬಂತು.

ಚಳಿ ಇಳಿದ ಮೇಲೆ ಒಂದು ಶನಿವಾರ, ಪಟ್ಟಿಪಟ್ಟಿಯ ಟಿಕೆಟ್ಟನ್ನು ಮಡಿಸಿ ಯಂತ್ರದ ಬಾಯಿಗೆ ಕೊಟ್ಟು ಠಸ್ಸೆ ಹಾಕಿಸಿಕೊಂಡು, ಮೆಟ್ರೋ ಹತ್ತಿ ಬ್ಲಾಕ್ ನಿಲ್ದಾಣದಲ್ಲಿ ಇಳಿದಳು. ಮೆಟ್ಟಿಲು ಹತ್ತಿದರೆ ಎದುರಿಗೇ ಸಂತೆ. ಮೀನು, ಚೀಸು, ಬಟ್ಟೆ, ಸೊಪ್ಪು. ಕೊನೆಯಲ್ಲಿ ಹಳೆಯ ಸಾಮಾನಿನವರ ಸಾಲು. ಅಲ್ಲೊಬ್ಬ ಮುದುಕ ಹಸಿರು ಬಟ್ಟೆ ಹಾಸಿದ ಮೇಜಿನ ಮೇಲೆ ನಾಣ್ಯಗಳನ್ನಿಟ್ಟುಕೊಂಡು ಕೂತಿದ್ದ. ದೊಡ್ಡ ಬೆಳ್ಳಿ ನಾಣ್ಯವೊಂದು ಅತ್ತೆಯ ಕಣ್ಣಿಗೆ ಬಿತ್ತು. ಒಂದು ಕಡೆ ಹೆಂಗಸಿನ ಮುಖ, ಇನ್ನೊಂದು ಕಡೆ ರೆಕ್ಕೆ ಬಿಚ್ಚಿದ ಹದ್ದು. ಎತ್ತಿಕೊಂಡಳು.

"ನೇ!" ಎಂದು ಮುದುಕ ಅರಚಿದ. ಪಕ್ಕದ ಮೇಜಿನವರೂ ತಿರುಗಿ ನೋಡಿದರು. "ಮುಖ ಮುಟ್ಟಬೇಡಿ ಮೆವ್ರೌ! ಅಂಚು ಹಿಡೀರಿ, ಅಂಚು!"

ಅತ್ತೆ ಹೆದರಿ ನಾಣ್ಯದ ಅಂಚು ಹಿಡಿದಳು. ಹಿಡಿದ ಮೇಲೆ ಕೈ ಸುಮ್ಮನಿರಲಿಲ್ಲ. ನಾಣ್ಯವನ್ನು ಓರೆ ಮಾಡಿ ಬೆಳಕಿಗೆ ತಿರುಗಿಸಿತು. ಬೆಳಕು ಒಂದು ಚಕ್ರದಂತೆ ನಾಣ್ಯದ ಮೇಲೆ ಸುತ್ತಿ, ಕೆನ್ನೆಯ ಹತ್ತಿರ ಬಂದಾಗ ಕಡಿಯಿತು. "ಇಲ್ಲಿ ಏನೋ ಉಜ್ಜಿದೆ" ಎಂದಳು ಇಂಗ್ಲಿಷಿನಲ್ಲಿ. ಮುದುಕ ಸಿಟ್ಟು ಮರೆತು, ಕನ್ನಡಕ ಹಣೆಗೇರಿಸಿ, ಆಕೆಯನ್ನು ನೋಡಿದ.

"ಯಾರು ಕಲಿಸಿದ್ದು ನಿಮಗೆ?"

"ರೇಷ್ಮೆ" ಎಂದಳು ಅತ್ತೆ.

ಮುದುಕ ನಕ್ಕುಬಿಟ್ಟ. ಮೇಜಿನ ಕೆಳಗಿನಿಂದ ಮಡಚುವ ಸ್ಟೂಲು ತೆಗೆದು ಬಿಡಿಸಿ ಇಟ್ಟ.

ಅವನ ಹೆಸರು ಏನೆಂದು ನೀವು ಕೇಳಬಹುದು. ಅತ್ತೆ ಅವನನ್ನು ಮೆನೇರ್ ಎನ್ನುತ್ತಿದ್ದಳು, ಎಂದರೆ ಯಜಮಾನರೇ. ಅವನು ಆಕೆಯನ್ನು ಮೆವ್ರೌ ಎನ್ನುತ್ತಿದ್ದ, ಎಂದರೆ ಅಮ್ಮಾವ್ರೇ. ಇಬ್ಬರಿಗೂ ಅಷ್ಟು ಸಾಕಾಗಿತ್ತು. ಪ್ರಾಯದಲ್ಲಿ ಅಮೆರಿಕಕ್ಕೆ ಹೋಗುವ ಹಡಗುಗಳಲ್ಲಿ ಅಡುಗೆಯವನಾಗಿದ್ದವನು. ಆಗ ಅಲ್ಲಿನ ಬ್ಯಾಂಕುಗಳಲ್ಲಿ ಬೆಳ್ಳಿ ಡಾಲರುಗಳನ್ನು ಕೇಳಿದವರಿಗೆಲ್ಲ ಮುಖಬೆಲೆಗೇ ಕೊಡುತ್ತಿದ್ದರಂತೆ. ಇವನು ಪ್ರತಿ ಸಲವೂ ಒಂದೆರಡು ತಂದು ಕೂಡಿಸಿಕೊಂಡ. ಇಂಗ್ಲಿಷು ಹಡಗಿನದು, ಒರಟಾದದ್ದು. ನಾನು ಇಲ್ಲಿ ಬರೆಯುವಷ್ಟು ನಯವಾಗಿರಲಿಲ್ಲ ಎಂದು ಅತ್ತೆಯ ಹೇಳಿಕೆ.

ಆ ಬೇಸಿಗೆ ಪೂರ್ತಿ ಪಾಠ ನಡೆಯಿತು. ಅಮೆರಿಕದ ಈ ಡಾಲರಿನಲ್ಲಿ ಮೊದಲು ಸವೆಯುವುದು ಕಿವಿಯ ಮೇಲಿನ ಕೂದಲು, ಹಿಂಬದಿಯಲ್ಲಿ ಹದ್ದಿನ ಎದೆ. ಎತ್ತರವಾಗಿರುವುದೇ ತಾಕುವುದು, ತಾಕಿದ್ದೇ ಸವೆಯುವುದು. ತಗ್ಗಿನಲ್ಲಿರುವುದು ಕೊನೆಯವರೆಗೂ ಉಳಿಯುತ್ತದೆ. ಟಂಕಸಾಲೆಯಿಂದ ಬಂದಾಗ ಇರುವ ಆ ಸುತ್ತುವ ಬೆಳಕು ಒಮ್ಮೆ ಹೋದರೆ ಹೋಯಿತು. ಉಜ್ಜಿ ತೊಳೆದರೆ ಹೊಳಪು ಬರುತ್ತದೆ, ಆ ಬೆಳಕು ಬರುವುದಿಲ್ಲ. ಉಜ್ಜಿದ ನಾಣ್ಯಕ್ಕೆ ದರ್ಜೆಯೇ ಇಲ್ಲ. ಅಮೆರಿಕದವರು ಎಪ್ಪತ್ತಕ್ಕೆ ಇಷ್ಟು ಎಂದು ಅಂಕ ಕೊಡುತ್ತಾರೆ. ಡಚ್ಚರು ಮಾತಿನಲ್ಲೇ ಹೇಳುತ್ತಾರೆ: ಫ್ರಾಯ್ ಎಂದರೆ ಪರವಾಗಿಲ್ಲ, ಪ್ರಾಖ್ತಿಖ್ ಎಂದರೆ ಬಲು ಚೆನ್ನಾಗಿದೆ, ಆದರೆ ಸ್ವಲ್ಪ ಬಳಕೆಯಾಗಿದೆ. ಅಂಗಡಿಯ ಹುಡುಗಿಯೊಬ್ಬಳು ಅತ್ತೆಯ ಸೀರೆ ನೋಡಿ "ಪ್ರಾಖ್ತಿಖ್!" ಎಂದಾಗ ಈಕೆಗೆ ಬೇಜಾರಾಯಿತಂತೆ. ಮೂರೇ ಸಲ ಉಟ್ಟ ಸೀರೆ, ಎಲ್ಲಿ ಬಳಸಿದ ಹಾಗೆ ಕಾಣುತ್ತದೆ ಎಂದು ಮನೆಗೆ ಬಂದು ಸೆರಗು ತಿರುವಿ ನೋಡಿದಳಂತೆ.

ಇಬ್ಬರಿಗೂ ಒಂದು ಆಟವಿತ್ತು. ನಾಣ್ಯವನ್ನು ಒಬ್ಬರಾದ ಮೇಲೆ ಒಬ್ಬರು ನೋಡಿ, ಒಟ್ಟಿಗೇ ದರ್ಜೆ ಹೇಳುವುದು. ಹೊಂದದಿದ್ದರೆ ಜಗಳ. "ನೀವು ಆ ಹೆಂಗಸಿನ ಕೆನ್ನೆ ನೋಡಿ ಮರುಳಾಗ್ತೀರ ಮೆನೇರ್, ಕೂದಲು ನೋಡಲ್ಲ" ಎಂದು ಈಕೆ. "ನೀವು ಕೂದಲು ಎಣಿಸ್ತೀರ, ಮುಖವನ್ನೇ ನೋಡಲ್ಲ" ಎಂದು ಅವನು. ನಡುವೆ ಫ್ಲಾಸ್ಕಿನ ಕಾಫಿ, ಅತ್ತೆ ಕರಿದು ತಂದ ಕೋಡುಬಳೆ. ಆ ಊರಿನಲ್ಲಿ ಆಕೆಯ ಅಭಿಪ್ರಾಯ ಬೇಕಾಗಿದ್ದವನು ಅವನೊಬ್ಬನೇ, ಜಗಳವಾಡಲು ಸಿಕ್ಕವನೂ ಅವನೊಬ್ಬನೇ. ಸೋಮವಾರದಿಂದ ಶುಕ್ರವಾರದವರೆಗಿನ ದಿನಗಳನ್ನು ಆಕೆ ಶನಿವಾರಕ್ಕಾಗಿ ತಳ್ಳುತ್ತಿದ್ದಳು.

ಮುದುಕನಿಗೂ ಹಾಗೆಯೇ. ಒಂದು ದಿನ ಬಾಯಿಬಿಟ್ಟು ಹೇಳಿದ. ಹೆಂಡತಿ ಫೂಲಮತಿ, ಡಚ್ಚರ ಹಳೆಯ ವಸಾಹತು ಸುರಿನಾಮಿನವಳು. ಅವಳ ಮುತ್ತಜ್ಜ ಇಂಡಿಯಾದಿಂದ ಕಬ್ಬಿನ ತೋಟದ ಕೂಲಿಗೆ ಹಡಗು ಹತ್ತಿ ಅಲ್ಲಿಗೆ ಹೋದವನು. ಅವಳು ತೀರಿಕೊಂಡು ವರ್ಷಗಳಾಗಿದ್ದವು. ಒಬ್ಬನೇ ಮಗ ರೊಬ್ಬಿ ಹೇಗ್ ನಗರದಲ್ಲಿದ್ದಾನೆ, ಮಾತಿಲ್ಲ. "ಶನಿವಾರ ಮನೆಯಲ್ಲಿ ಕೂರೋಕಾಗಲ್ಲ ಮೆವ್ರೌ, ಅದಕ್ಕೇ ಈ ಮೇಜು" ಎಂದ. "ಮಗ ಮಗನ ಹಾಗಿದ್ದಿದ್ದರೆ ಇದನ್ನು ಸೌದೆಗೆ ಹಾಕಿ ಅವನ ಮನೆಗೆ ಹೋಗ್ತಿದ್ದೆ."

ಯಾಕೆ ಮಾತಿಲ್ಲ ಎಂದು ಅತ್ತೆ ಕೇಳಲಿಲ್ಲ. ಅಕ್ಟೋಬರಿನಲ್ಲಿ ಅವನೇ ಕೋಟಿನ ಒಳಜೇಬಿನಿಂದ ಒಂದು ಡಾಲರು ತೆಗೆದು ಆಕೆಯ ಮುಂದಿಟ್ಟ.

"ಇದನ್ನ ನೋಡಿ. ಮೋಸದ ನಾಣ್ಯ ಹೇಗಿರುತ್ತೆ ಅಂತ ಗೊತ್ತಿರಲಿ."

ಕಥೆ ಹೀಗೆ. ಅವನು ತಂದ ಡಾಲರುಗಳಲ್ಲೆಲ್ಲ ಶ್ರೇಷ್ಠವಾದ, ಯಾರೂ ಮುಟ್ಟದ ಒಂದನ್ನು ಮಗನ ಮದುವೆಗೆಂದು ಡಬ್ಬಿಯಲ್ಲಿಟ್ಟು ಬೀಗ ಹಾಕಿದ್ದ. ಬೀಗದ ಕೈ ಫೂಲಮತಿಯ ಹತ್ತಿರ. ಅವಳು ಸತ್ತ ಮೇಲೆ ಅದು ರೊಬ್ಬಿಯ ಕೈಗೆ ಹೋಯಿತು. ಮದುವೆಯ ಹಿಂದಿನ ದಿನ ಡಬ್ಬಿ ತೆರೆದರೆ ಒಳಗಿದ್ದದ್ದು ಈ ಉಜ್ಜಿ ಹಾಳು ಮಾಡಿದ ನಾಣ್ಯ. ಒಳ್ಳೆಯದನ್ನು ಮಾರಿಕೊಂಡು ಇದನ್ನು ಇಟ್ಟಿದ್ದೀಯ ಎಂದು ಮಗನನ್ನು ಹಿಡಿದುಕೊಂಡ. ಮಗ ಇಲ್ಲ ಎಂದ. ಅಪ್ಪ ಕಳ್ಳ ಎಂದ. ಮದುವೆಗೆ ಹೋಗಲಿಲ್ಲ. ಅಲ್ಲಿಂದೀಚೆಗೆ ಅಪ್ಪ ಮಗ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

ಅತ್ತೆ ನಾಣ್ಯ ತಿರುಗಿಸಿದಳು. ಸುತ್ತುವ ಬೆಳಕು ಸತ್ತುಹೋಗಿತ್ತು. ಹೆಬ್ಬೆರಳು ಗುಂಡಗೆ ಉಜ್ಜಿದ ಸಣ್ಣ ಗೀರುಗಳು. ಆದರೆ ಕಿವಿಯ ಮೇಲಿನ ಕೂದಲು ಹೆಚ್ಚು ಸವೆದಿರಲಿಲ್ಲ. ಹದ್ದಿನ ಎದೆಯೂ ಚೆನ್ನಾಗಿತ್ತು. ಸವೆದದ್ದು ಹಣೆ. ಹುಬ್ಬಿನ ಮೇಲೆ, ತಲೆಪಟ್ಟಿಯ ಕೆಳಗೆ, ತಗ್ಗಿನಲ್ಲಿರುವ ಹಣೆ ಬೆರಳ ತುದಿಯಷ್ಟಗಲ ಚಪ್ಪಟೆಯಾಗಿತ್ತು. ಯಾವ ಜೇಬಿನಲ್ಲಿದ್ದರೂ, ಎಷ್ಟು ಕೈ ದಾಟಿದರೂ ನಾಣ್ಯ ಅಲ್ಲಿ ಸವೆಯುವುದಿಲ್ಲ. ಭೂತಗನ್ನಡಿ ಹಾಕಿದಳು. ತಲೆಪಟ್ಟಿಯ ಮೇಲಿನ ಸಣ್ಣ ಅಕ್ಷರಗಳ ಸಂದಿಯಲ್ಲಿ ಕಡುಗೆಂಪು ಪುಡಿ ಗಟ್ಟಿಯಾಗಿ ಕೂತಿತ್ತು.

"ಅದು ಬಣ್ಣ" ಎಂದ ಮುದುಕ. "ಯಾವನೋ ದಡ್ಡ ಬಣ್ಣ ಬಳಿದು, ಆಮೇಲೆ ಉಜ್ಜಿದ್ದಾನೆ. ಏನಂತೀರಿ?"

ಅತ್ತೆಗೆ ಆ ಕ್ಷಣವೇ ಎಲ್ಲವೂ ತಿಳಿಯಿತು. ಬಾಯಿಗೆ ಬಂದ ಮಾತನ್ನು ನುಂಗಿಕೊಂಡಳು. "ಬೆಳಕು ಸಾಲದು ಮೆನೇರ್. ಮುಂದಿನ ವಾರ ನೋಡ್ತೀನಿ" ಎಂದಳು. ಹುಟ್ಟಿದಾಗಿನಿಂದ ಆಕೆ ಹೇಳಿದ ಮೊದಲ ಸುಳ್ಳು ಅದೇ ಇರಬೇಕು ಎಂದು ನನ್ನ ಅನುಮಾನ.

ಸುಳ್ಳು ಹೇಳಿದ್ದೇಕೆ ಎಂಬುದೂ ಆಕೆಗೆ ಚೆನ್ನಾಗಿ ಗೊತ್ತಿತ್ತು. ಸತ್ಯ ಕೇಳಿದರೆ ಮುದುಕ ಮಗನ ಮನೆಗೆ ಓಡುತ್ತಾನೆ. ಓಡಿದರೆ ಶನಿವಾರದ ಮೇಜಿಲ್ಲ, ಸ್ಟೂಲಿಲ್ಲ, ಜಗಳವಿಲ್ಲ. ಮತ್ತೆ ಏಳನೇ ಮಹಡಿ, ಮತ್ತೆ ಸಹಕಾರ ಸಂಘದ ಚುನಾವಣೆ.

ಸೋಮವಾರ ದೀಪಾವಳಿಯ ಲಕ್ಷ್ಮೀಪೂಜೆ. ಅತ್ತೆಯ ಬಳಿ ಅವಳಮ್ಮ ಕೊಟ್ಟ ಪುಟ್ಟ ಬೆಳ್ಳಿಯ ಲಕ್ಷ್ಮಿ ಇತ್ತು. ಹಿಂದಿನ ಕುಂಕುಮ ಹೋಗಲೆಂದು ಹುಣಿಸೆಹಣ್ಣು, ವಿಭೂತಿ ಹಾಕಿ ಸಿಂಕಿನ ಮುಂದೆ ನಿಂತು ಉಜ್ಜತೊಡಗಿದಳು. ಹೆಬ್ಬೆರಳು ತನ್ನಷ್ಟಕ್ಕೆ ಗುಂಡಗೆ ಸುತ್ತುತ್ತಿತ್ತು. ಆ ಲಕ್ಷ್ಮಿಯ ಹಣೆಯೂ ಎಂದೋ ಸವೆದು ಹೋಗಿದೆ. ಎರಡು ತಲೆಮಾರಿನ ಹೆಂಗಸರ ಉಂಗುರ ಬೆರಳು ಇಟ್ಟು, ಹೆಬ್ಬೆರಳು ಒರೆಸಿ. ಅತ್ತೆಗೆ ತನ್ನ ಮೇಲೆಯೇ ಅಸಹ್ಯ ಬಂತು. ಒಬ್ಬ ಹೆಂಗಸು ಮಾಡಿದ ಪೂಜೆಯಿಂದ ಅವಳ ಮಗ ಕಳ್ಳನಾಗಿ ಕೂತಿದ್ದಾನೆ, ಗೊತ್ತಿರುವವಳು ತಾನೊಬ್ಬಳೇ, ತಾನು ಕಾಫಿ ಕುಡಿಯುವ ಆಸೆಗೆ ಬಾಯಿ ಮುಚ್ಚಿಕೊಂಡಿದ್ದೇನೆ.

ಊಟಕ್ಕೆ ಕೂತಾಗ ಮಾವನಿಗೆ ಹೇಳಿದಳು. ಮಾವ ಒಬ್ಬಟ್ಟು ಮುರಿಯುತ್ತ ಕೇಳಿಸಿಕೊಂಡರು.

"ಹೇಳ್ಬಿಡು. ಅದ್ರಲ್ಲೇನಿದೆ?"

"ಹೇಳಿದ್ರೆ ಅವ್ರು ಮಗನ ಹತ್ರ ಹೋಗ್ತಾರೆ ರೀ."

"ಹೋಗ್ಲಿ. ಒಳ್ಳೇದೇ ಅಲ್ವಾ?"

"ಒಳ್ಳೇದೇ" ಎಂದಳು ಅತ್ತೆ.

"ಮತ್ತೆ ಪ್ರಾಬ್ಲಮ್ ಏನು?"

ಅತ್ತೆ ಹಾಲು ತುಪ್ಪ ಬಡಿಸಿದಳು. ಮಾವ ಉಂಡು, ಚೆನ್ನಾಗಿತ್ತು ಎಂದು ಹೇಳಿ, ಕಂಪ್ಯೂಟರಿನ ಮುಂದೆ ಹೋಗಿ ಕೂತರು. ಇಂಥವರಿಗೆ ಒಬ್ಬಟ್ಟು ಮಾಡಿ ಹಾಕಬೇಕೆ ಎಂದು ನಾನಾದರೆ ಕೇಳುತ್ತಿದ್ದೆ. ಅತ್ತೆ ಕೇಳುವವಳಲ್ಲ.

ಶನಿವಾರ ಸಂತೆಗೆ ಹೋಗುವಾಗ ಒಂದು ಪೊಟ್ಟಣದಲ್ಲಿ ಚಿಟಿಕೆ ಕುಂಕುಮ ಕಟ್ಟಿಕೊಂಡಳು. ಮಾದರಿಯ ಪಕ್ಕ ಇಟ್ಟು ಹೋಲಿಸದೆ ಏನನ್ನೂ ಹೇಳಿದವಳಲ್ಲವಲ್ಲ. ಮುದುಕನ ಕೈಯಿಂದ ನಾಣ್ಯ ಇಸಿದುಕೊಂಡು ಬಿಳಿ ತಟ್ಟೆಯ ಮೇಲಿಟ್ಟು, ಪಕ್ಕದಲ್ಲಿ ಕುಂಕುಮ ಉದುರಿಸಿ, ಭೂತಗನ್ನಡಿಯನ್ನು ಅವನ ಕಡೆ ಸರಿಸಿದಳು.

"ಎರಡೂ ಒಂದೇನಾ ನೋಡಿ."

ಅವನು ನೋಡಿದ. "ಒಂದೇ" ಎಂದ. "ಏನಿದು?"

ಅತ್ತೆ ತನ್ನ ಹಣೆ ತೋರಿಸಿದಳು. ಆಮೇಲೆ, ಆ ಬೇಸಿಗೆಯಲ್ಲಿ ಒಮ್ಮೆಯೂ ಮಾಡದ ಕೆಲಸ ಮಾಡಿದಳು. ಉಂಗುರ ಬೆರಳ ತುದಿಯನ್ನು ನಾಣ್ಯದ ಹೆಂಗಸಿನ ಹಣೆಗೆ ಒತ್ತಿದಳು. ಚಪ್ಪಟೆಯಾದ ಜಾಗಕ್ಕೆ ಬೆರಳು ಸರಿಯಾಗಿ ಕೂತಿತು.

"ದೀಪಾವಳಿಗೆ ಬೆಳ್ಳಿ ಲಕ್ಷ್ಮಿಯನ್ನಿಟ್ಟು ಪೂಜೆ ಮಾಡ್ತೀವಿ ಮೆನೇರ್. ಹಣೆಗೆ ಕುಂಕುಮ ಇಡ್ತೀವಿ. ಪೂಜೆ ಆದ್ಮೇಲೆ ಬೂದಿ ಹಾಕಿ ತೊಳೆದು ಎತ್ತಿಡ್ತೀವಿ. ಒಂದು ವರ್ಷಕ್ಕೆ ಹೀಗೆ ಸವೆಯಲ್ಲ. ಇದು ತುಂಬ ವರ್ಷದ್ದು. ನಿಮ್ಮ ಮಗ ಅಂಗಡಿಯಿಂದ ತಂದಿಟ್ಟಿದ್ದಲ್ಲ. ಇದು ಅದೇ ನಾಣ್ಯ. ನಿಮ್ಮ ಮನೆ ಬಿಟ್ಟು ಎಲ್ಲೂ ಹೋಗಿಲ್ಲ."

ಮುದುಕ ಭೂತಗನ್ನಡಿಯನ್ನು ಮತ್ತೆ ಆ ಹಣೆಯ ಮೇಲೆ ಹಿಡಿದ. ಪ್ರತಿ ವರ್ಷ ಆ ದಿನಗಳಲ್ಲಿ ಅವನು ಸಮುದ್ರದ ಮೇಲಿರುತ್ತಿದ್ದ. ಫೂಲಮತಿಯ ದೇವರ ಕಪಾಟಿಗೆ ಅವನು ಒಂದು ದಿನವೂ ತಲೆ ಹಾಕಿದವನಲ್ಲ. "ನಾಣ್ಯ ಮುಟ್ಟಬೇಡ ಅಂತ ಅವಳಿಗೆ ಹೇಳಿದ್ದೆ" ಎಂದ. ಆಮೇಲೆ, "ಅದು ಲಕ್ಷ್ಮಿ ಅಂದುಕೊಂಡಳಾ?" ಎಂದ.

"ಹೆಣ್ಣಿನ ಮುಖ, ಬೆಳ್ಳಿ. ತಲೆ ಮೇಲೆ ಕಿರೀಟ ಬೇರೆ. ಇನ್ನೇನು ಬೇಕು ಮೆನೇರ್?"

ಅವನು ನಗಲು ಹೋದ, ನಗು ಕೆಟ್ಟು ಅಳುವಾಯಿತು. ಮೇಜು ನೋಡಿಕೊಳ್ಳಿ ಎಂದು ಕೈಸನ್ನೆ ಮಾಡಿ ಎದ್ದು, ನಿಲ್ದಾಣದ ಬಳಿಯ ಫೋನ್ ಬೂತಿಗೆ ನಡೆದ. ಅತ್ತೆ ಕೂತಲ್ಲಿಂದಲೇ ಗಾಜಿನಾಚೆ ನೋಡುತ್ತಿದ್ದಳು. ಅವನು ಅಂಕಿ ಒತ್ತಿದ, ಕಾದ, ಮಾತು ಶುರು ಮಾಡುವ ಮೊದಲು ತಲೆಯ ಮೇಲಿನ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ವಾಪಸು ಬಂದವನೇ ತಟ್ಟೆಗಳನ್ನು ಪೆಟ್ಟಿಗೆಗೆ ತುಂಬಲು ಶುರು ಮಾಡಿದ. ಅವಸರಕ್ಕೆ ನಾಣ್ಯಗಳು ಒಂದಕ್ಕೊಂದು ತಾಗುತ್ತಿದ್ದವು. ಗೀರು ಬೀಳುತ್ತದೆ ಎಂಬ ಗಮನವೂ ಇರಲಿಲ್ಲ. ಅತ್ತೆಯೇ ಒಂದೊಂದಾಗಿ ಎತ್ತಿ, ಅಂಚು ಹಿಡಿದು, ಜೋಡಿಸಿಕೊಟ್ಟಳು. ಅವನು ರೈಲಿಗೆ ಓಡಿದ.

ಮುಂದಿನ ಶನಿವಾರ ಅವನು ಬರಲಿಲ್ಲ. ಅದರ ಮುಂದಿನದೂ ಇಲ್ಲ. ಬರುವುದಿಲ್ಲ ಎಂದು ಗೊತ್ತಿದ್ದೂ ಅತ್ತೆ ಕೋಡುಬಳೆ ಕರಿದುಕೊಂಡು ಹೋದಳು. ಹಸಿರು ಬಟ್ಟೆಯ ಜಾಗದಲ್ಲಿ ಕಾಲುಚೀಲ ಮಾರುವವನೊಬ್ಬ ಬಂದು ಕೂತ.

ಡಿಸೆಂಬರಿನ ಒಂದು ಶನಿವಾರ, ಹಿಂದಿನಿಂದ ಯಾರೋ "ಮೆವ್ರೌ!" ಎಂದು ಕೂಗಿದರು. ಮುದುಕ. ಒಳ್ಳೆಯ ಕೋಟು, ನುಣ್ಣಗೆ ಕ್ಷೌರ. ಪಕ್ಕದಲ್ಲಿ ಎತ್ತರದ, ಎಣ್ಣೆಗಪ್ಪಿನ ಮಗ, ಮಗನ ಹೆಗಲ ಮೇಲೆ ಒಂದು ಹೆಣ್ಣುಮಗು. ಅತ್ತೆಗೆ ಎಷ್ಟು ಸಂತೋಷವಾಯಿತೆಂದರೆ ಕನ್ನಡದಲ್ಲೇ "ಬಂದ್ರಾ!" ಎಂದುಬಿಟ್ಟಳಂತೆ.

"ರೊಬ್ಬಿ, ನಾನು ಹೇಳಿದೆನಲ್ಲ, ಇವರೇ..." ಎಂದು ಮುದುಕ ಕೈ ತೋರಿಸಿದವನು ಅಲ್ಲಿಗೇ ನಿಂತ. ಬಾಯಿ ತೆರೆದೇ ಇತ್ತು. ಹೆಸರು ಬರಲಿಲ್ಲ. ಮರೆತಿರಲಿಲ್ಲ, ಕೇಳಿಯೇ ಇರಲಿಲ್ಲ. ಅತ್ತೆಗೂ ಆಗಲೇ ಹೊಳೆದದ್ದು, ತನಗೂ ಅವನ ಹೆಸರು ಗೊತ್ತಿಲ್ಲ ಎಂದು.

"ಭಾನುಮತಿ" ಎಂದಳು.

"ಯಾನ್" ಎಂದ ಮುದುಕ. ಇಬ್ಬರೂ ಹೊಸಬರಂತೆ ಕೈ ಕುಲುಕಿದರು. ಮಗ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದ, ಒಂದು ದಿನ ಊಟಕ್ಕೆ ಬರಬೇಕು ಎಂದ. ಯಾವ ದಿನ ಎಂದು ಹೇಳಲಿಲ್ಲ, ವಿಳಾಸವನ್ನೂ ಕೊಡಲಿಲ್ಲ. ಮಗುವಿಗೆ ಚಳಿಯಾಗುತ್ತಿತ್ತು, ರೈಲಿಗೆ ಹೊತ್ತಾಗಿತ್ತು. ಹೊರಟರು. ಪರಿಚಯ ಮಾಡಿಕೊಂಡದ್ದೂ ಬೀಳ್ಕೊಟ್ಟದ್ದೂ ಒಂದೇ ದಿನವಾಯಿತು.

ಮನೆಗೆ ಬಂದು ಅತ್ತೆ ಅತ್ತಳಂತೆ. ಮಾವ ಗಾಬರಿಯಾಗಿ, "ಯಾರಾದ್ರೂ ಏನಾದ್ರೂ ಅಂದ್ರಾ?" ಎಂದು ಕೇಳಿದರಂತೆ. "ಯಾರೂ ಏನೂ ಅನ್ನಲಿಲ್ಲ" ಎಂದಳಂತೆ ಈಕೆ.

ಬೆಂಗಳೂರಿಗೆ ವಾಪಸು ಬಂದ ಮೇಲೆ ಇದನ್ನೆಲ್ಲ ಹೇಳಿದಾಗ ನಾನು ಕೇಳಿದೆ, "ಹೇಳಬಾರದಿತ್ತು ಅಂತ ಅನ್ನಿಸ್ಲಿಲ್ವಾ ಅತ್ತೆ?"

"ಛೆ, ಒಂದಿನಾನೂ ಇಲ್ಲ ಕಣೆ" ಎಂದಳು. "ಆಮೇಲೂ ಒಂದು ವರ್ಷ ಇದ್ವಲ್ಲ ಅಲ್ಲಿ, ಶನಿವಾರ ತಪ್ಪಿಸ್ದೆ ಹೋಗ್ತಿದ್ದೆ. ಆ ಕಾಲುಚೀಲದೋನು ಪಾಪ ಒಳ್ಳೇವ್ನು. ನನ್ನ ಗುರುತು ಹಿಡಿದು ನಗ್ತಿದ್ದ. ಕಾಲುಚೀಲದ ಬಗ್ಗೆ ಏನ್ ಮಾತಾಡ್ಬೇಕೋ ನಂಗೇ ಗೊತ್ತಾಗ್ತಿರ್ಲಿಲ್ಲ."